ಅಪಾಸ್ಟ್ರಫಿ ಎಸ್‌ಗೆ ಮುಂಚೆಯೋ, ಎಸ್ ಆದಮೇಲೋ?

ಇಂಗ್ಲಿಷಿನಲ್ಲಿ ಕಿವಿಗೆ ಒಂದೇ ಥರ ಕೇಳಿಸಿ, ಬರೆಯೋಕೆ ಕೂತಾಗ ಮಾತ್ರ ಮೂರು ಥರ ಆಗುವ ಪದಗಳಿವೆ. “ಗರ್ಲ್ಸ್” ಅಂತ ಬರೆದರೆ ಹುಡುಗಿಯರು. “ಗರ್ಲ್’ಸ್” ಅಂತ ಬರೆದರೆ ಒಬ್ಬ ಹುಡುಗಿಯ. “ಗರ್ಲ್ಸ್’” ಅಂತ ಬರೆದರೆ ಹಲವು ಹುಡುಗಿಯರ. ಬಾಯಲ್ಲಿ ಹೇಳಿ ನೋಡಿ, ಮೂರಕ್ಕೂ ಒಂದೇ ಸದ್ದು. ವ್ಯತ್ಯಾಸವೆಲ್ಲ ಇರೋದು ಅಪಾಸ್ಟ್ರಫಿ ಅನ್ನೋ ಆ ಪುಟ್ಟ ಗೀಟಿನಲ್ಲಿ. ಅದು ಇದೆಯೋ ಇಲ್ಲವೋ, ಇದ್ದರೆ ಎಸ್ ಅಕ್ಷರದ ಮುಂಚೆ ಇದೆಯೋ, ಆಮೇಲೆ ಇದೆಯೋ.

ಈ ಸಲದ ಅಂಕಣಕ್ಕೆ ಇದೇ ವಿಷಯ ಆರಿಸಿಕೊಳ್ಳೋಕೆ ತುಮಕೂರಿನ ಕಡೆಯ ಒಬ್ಬ ಓದುಗರ ಪತ್ರ ಕಾರಣ. ಅವರು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರು. ಮಗಳು ಐದನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ವರ್ಕ್‌ಶೀಟಿನಲ್ಲಿ ಅಪಾಸ್ಟ್ರಫಿ ಜಾಗ ತಪ್ಪಿದ್ದಕ್ಕೆ ಐದರಲ್ಲಿ ಒಂದು ಅಂಕ ಬಂತಂತೆ. ಹೇಳಿಕೊಡೋಣ ಅಂತ ಅಮ್ಮ ಪಕ್ಕದಲ್ಲಿ ಕೂತರೆ, “ನಿಂಗೆ ಗೊತ್ತಾಗಲ್ಲ ಬಿಡಮ್ಮ, ಇದು ಇಂಗ್ಲಿಷ್ ಗ್ರಾಮರ್ರು” ಅಂತ ಮಗಳು ಪುಸ್ತಕ ಎಳೆದುಕೊಂಡಳಂತೆ. “ಅಂಕ ಹೋದರೆ ಹೋಗಲಿ ಮೇಡಂ, ಹೋಂವರ್ಕ್ ಹೊತ್ತಿಗೆ ನಾನು ಅಡುಗೆಮನೆಗೆ ಎದ್ದು ಹೋಗೋ ಹಾಗೆ ಆಗಿದೆ” ಅಂತ ಬರೆದಿದ್ದಾರೆ.

ಎದ್ದು ಹೋಗಬೇಡಿ, ಕೂತ್ಕೊಳ್ಳಿ. ಈ ಪಾಠದ ಮುಕ್ಕಾಲು ಪಾಲು ನಿಮಗೆ ಆಗಲೇ ಗೊತ್ತು. ನೀವು ಅದನ್ನು ಷಷ್ಠೀ ವಿಭಕ್ತಿ ಅಂತ ಕಲಿತಿದ್ದೀರಿ, ಅಷ್ಟೆ. ಕನ್ನಡ ಶಾಲೆಯ ಮಕ್ಕಳಿಗೆ ವರ್ಷಗಟ್ಟಲೆ ಇಂಗ್ಲಿಷ್ ಹೇಳಿಕೊಟ್ಟ ಮೇಲೆ ನಾನು ಕಂಡುಕೊಂಡದ್ದು ಇಷ್ಟು: ಕನ್ನಡ ಚೆನ್ನಾಗಿ ಬರುವ ಮಗುವಿಗೆ ಈ ಒಂದು ವಿಷಯದಲ್ಲಿ ಅನುಕೂಲವೇ ಜಾಸ್ತಿ.

ಮೊದಲು ಎಷ್ಟು ಜನ, ಆಮೇಲೆ ಯಾರದು

ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ ಅಂತ ರಾಗವಾಗಿ ಬಾಯಿಪಾಠ ಮಾಡಿದ್ದು ನೆನಪಿದೆಯಲ್ಲ? ಅದರಲ್ಲಿ ಷಷ್ಠಿಗೆ “ಅ” ಪ್ರತ್ಯಯ. ಹುಡುಗ ಅನ್ನೋದು ಹುಡುಗನ ಆಗುತ್ತೆ. ಹಲವರಾದರೆ? ಮೊದಲು ಹುಡುಗ ಹುಡುಗರು ಆಗಬೇಕು, ಆಮೇಲೆ ಹುಡುಗರ. ಹುಡುಗಿ, ಹುಡುಗಿಯರು, ಹುಡುಗಿಯರ. ಮಗು, ಮಕ್ಕಳು, ಮಕ್ಕಳ. ಯಾವ ಕನ್ನಡಿಗರೂ ಈ ಕ್ರಮ ತಪ್ಪುವುದಿಲ್ಲ. ಬಹುವಚನ ಮೊದಲು, ಒಡೆತನ ಆಮೇಲೆ.

ಇಂಗ್ಲಿಷಿನ ನಿಯಮವೂ ಇದೇ. ಮೊದಲು ಬಹುವಚನ ಪೂರ್ತಿ ಮಾಡಿ ಮುಗಿಸಬೇಕು. ಆಮೇಲೆ ಅದರ ಬಾಲ ನೋಡಬೇಕು.

ಬಾಲದಲ್ಲಿ ಎಸ್ ಇದ್ದರೆ ಅಪಾಸ್ಟ್ರಫಿ ಒಂದೇ ಸಾಕು, ಇನ್ನೊಂದು ಎಸ್ ಬೇಡ. ಗರ್ಲ್, ಗರ್ಲ್ಸ್, ಗರ್ಲ್ಸ್’. ಪೇರೆಂಟ್, ಪೇರೆಂಟ್ಸ್, ಪೇರೆಂಟ್ಸ್’. ಲೇಡಿ, ಲೇಡೀಸ್, ಲೇಡೀಸ್’.

ಬಾಲದಲ್ಲಿ ಎಸ್ ಇಲ್ಲದಿದ್ದರೆ ಅಪಾಸ್ಟ್ರಫಿ ಹಾಕಿ ಎಸ್ ಸೇರಿಸಬೇಕು. ಚೈಲ್ಡ್, ಚಿಲ್ಡ್ರನ್, ಚಿಲ್ಡ್ರನ್’ಸ್. ವುಮನ್, ವಿಮೆನ್, ವಿಮೆನ್’ಸ್. ಮ್ಯಾನ್, ಮೆನ್, ಮೆನ್’ಸ್. ಪೀಪಲ್, ಪೀಪಲ್’ಸ್.

ನಿಯಮ ಇಷ್ಟೇ. ವರ್ಕ್‌ಶೀಟಿನಲ್ಲಿ ಅಂಕ ಹೋಗೋದು ಈ ನಿಯಮ ಗೊತ್ತಿಲ್ಲದೆ ಅಲ್ಲ, ಎರಡು ಹೆಜ್ಜೆಯನ್ನು ಒಂದೇ ಸಲ ಹಾಕೋಕೆ ಹೋಗೋದರಿಂದ. ಮಗು “ಬೇಬಿ” ಅನ್ನೋ ಪದಕ್ಕೆ ನೇರವಾಗಿ ಅಪಾಸ್ಟ್ರಫಿ ಎಸ್ ಅಂಟಿಸುತ್ತೆ. ಅದು ಒಂದು ಕೂಸಿನದಾಯಿತು. ಹಲವು ಕೂಸುಗಳದಾಗಬೇಕಾದರೆ ಮೊದಲು ವೈ ತೆಗೆದು ಐ ಇ ಎಸ್ ಬರಬೇಕು, ಆ ಎಸ್ ಆದಮೇಲೆ ಗೀಟು. ಹಾಗಾಗಿ ಎರಡು ಹೆಜ್ಜೆಯನ್ನೂ ರಫ್ ಹಾಳೆಯಲ್ಲಿ ಬರೆಸಿ. ಸ್ವಲ್ಪ ದಿನ ಆದಮೇಲೆ ಹಾಳೆ ಬೇಕಾಗಲ್ಲ.

ಬರೆದದ್ದು ಸರಿಯಾ ಅಂತ ನೋಡೋಕೂ ಒಂದು ಸುಲಭ ಉಪಾಯವಿದೆ. ಅಪಾಸ್ಟ್ರಫಿಯಿಂದ ಬಲಗಡೆ ಇರೋದನ್ನೆಲ್ಲ ಬೆರಳಿಂದ ಮುಚ್ಚಿ. ಎಡಗಡೆ ಉಳಿದ ಪದವೇ ಒಡೆಯ. “ಗರ್ಲ್ಸ್’ ಬ್ಯಾಗ್ಸ್” ಅಂತ ಇದ್ದರೆ ಎಡಗಡೆ ಉಳಿಯೋದು ಗರ್ಲ್ಸ್, ಅಂದರೆ ಹಲವು ಹುಡುಗಿಯರ ಬ್ಯಾಗುಗಳು. “ಗರ್ಲ್’ಸ್ ಬ್ಯಾಗ್ಸ್” ಅಂತ ಇದ್ದರೆ ಉಳಿಯೋದು ಗರ್ಲ್, ಒಬ್ಬಳದೇ ಬ್ಯಾಗುಗಳು. ಯಾರಾದರೂ “ಚಿಲ್ಡ್ರನ್ಸ್’” ಅಂತ ಗೀಟನ್ನು ಕೊನೆಗೆ ಹಾಕಿದ್ದರೆ ಎಡಗಡೆ “ಚಿಲ್ಡ್ರನ್ಸ್” ಉಳಿಯುತ್ತೆ. ಅಂಥ ಬಹುವಚನವೇ ಇಂಗ್ಲಿಷಿನಲ್ಲಿಲ್ಲ. ಚಿಲ್ಡ್ರನ್ ಅನ್ನೋದೇ ಮಕ್ಕಳು. “ಮಕ್ಕಳುಗಳು” ಅಂತ ನಾವು ಬರೆಯುತ್ತೀವಾ?

ಇನ್ನೊಂದು ಮಾತು. ಒಡೆಯರು ಎಷ್ಟು ಅನ್ನೋದು ಮುಖ್ಯ, ವಸ್ತು ಎಷ್ಟು ಅನ್ನೋದಲ್ಲ. ಒಬ್ಬ ಹುಡುಗನಿಗೆ ಹತ್ತು ಪೆನ್ನಿದ್ದರೂ “ಬಾಯ್’ಸ್ ಪೆನ್ಸ್”. ಹತ್ತು ಹುಡುಗರಿಗೆ ಒಂದೇ ರೂಮಿದ್ದರೂ “ಬಾಯ್ಸ್’ ರೂಮ್”. ಕನ್ನಡದಲ್ಲೂ ಹಾಗೇ ಅಲ್ಲವಾ? ಹುಡುಗನ ಪೆನ್ನುಗಳು, ಹುಡುಗರ ಕೋಣೆ.

ಕನ್ನಡದ ತಕ್ಕಡಿ ಮೋಸ ಮಾಡುವ ಎರಡು ಜಾಗ

ಹಾಗಾದರೆ ಕನ್ನಡದಲ್ಲಿ ಹೇಳಿಕೊಂಡು ನೋಡಿದರೆ ಸಾಕಾ? ಹುಡುಗನ, ಹುಡುಗಿಯ ಅಂತ ಬಂದರೆ ಏಕವಚನ, ಹುಡುಗರ, ಹುಡುಗಿಯರ, ಮಕ್ಕಳ ಅಂತ ಬಂದರೆ ಬಹುವಚನ. ಬಹಳಷ್ಟು ಸಲ ಸಾಕು. ಆದರೆ ಎರಡು ಕಡೆ ಎಚ್ಚರ ಬೇಕು.

ಒಂದನೆಯದು ಮರ್ಯಾದೆ. ನಾವು ಹಿರಿಯರನ್ನು ಬಹುವಚನದಲ್ಲೇ ಕರೆಯೋದು. ಮೇಷ್ಟ್ರ ಕುರ್ಚಿ ಅಂದಾಗ ಮೇಷ್ಟ್ರು ಒಬ್ಬರೇ, ಆದರೂ ಮಾತು ಬಹುವಚನದ್ದು. ಇಂಗ್ಲಿಷಿಗೆ ಈ ಮರ್ಯಾದೆ ಗೊತ್ತಿಲ್ಲ, ಅದು ತಲೆ ಎಣಿಸುತ್ತೆ. ಒಬ್ಬರಾದರೆ “ಟೀಚರ್’ಸ್ ಚೇರ್”. ಸ್ಟಾಫ್ ರೂಮಿನ ಎಲ್ಲ ಮೇಷ್ಟ್ರುಗಳ ಕುರ್ಚಿಯಾದರೆ “ಟೀಚರ್ಸ್’ ಚೇರ್ಸ್”. “ಪಾಟೀಲರ ಮನೆ” ಅನ್ನೋದೂ ಇದೇ ಥರ. ಪಾಟೀಲರು ಒಬ್ಬರೇ ಮನಸ್ಸಿನಲ್ಲಿದ್ದರೆ “ಮಿಸ್ಟರ್ ಪಾಟೀಲ್’ಸ್ ಹೌಸ್”, ಇಡೀ ಕುಟುಂಬದ್ದಾದರೆ “ದಿ ಪಾಟೀಲ್ಸ್’ ಹೌಸ್”. ಬರೀ “ಪಾಟೀಲರು” ಅಂತ ಬಾಗಿಲ ಮೇಲೆ ನಾಮಫಲಕ ಹಾಕಿಸುವವರು ಅಪಾಸ್ಟ್ರಫಿ ಹಾಕಿಸೋದೇ ಬೇಡ, “ದಿ ಪಾಟೀಲ್ಸ್” ಸಾಕು. ಅಲ್ಲಿ ಒಡೆತನದ ಮಾತಿಲ್ಲ, ಇಂಥವರು ಇದ್ದಾರೆ ಅಂತಷ್ಟೇ.

ಎರಡನೆಯದು ಸಂಖ್ಯೆ. ಎರಡು ದಿನದ ರಜೆ, ಮೂರು ವರ್ಷದ ಅನುಭವ ಅಂತ ನಾವು ಹೇಳ್ತೀವಿ. ಎರಡು ಅಂತ ಹೇಳಿಯಾಯಿತಲ್ಲ, ಮತ್ತೆ “ದಿನಗಳ” ಯಾಕೆ ಅನ್ನೋದು ಆಡುಗನ್ನಡದ ಲೆಕ್ಕ. ಇಂಗ್ಲಿಷ್ ಹಾಗಲ್ಲ. ಒಂದು ದಿನದ ರಜೆ “ಒನ್ ಡೇ’ಸ್ ಲೀವ್”, ಎರಡು ದಿನದ ರಜೆ “ಟೂ ಡೇಸ್’ ಲೀವ್”. ಮೂರು ವರ್ಷದ ಅನುಭವ “ತ್ರೀ ಇಯರ್ಸ್’ ಎಕ್ಸ್‌ಪೀರಿಯೆನ್ಸ್”. ರಜೆ ಚೀಟಿಯಲ್ಲೂ ಕೆಲಸದ ಅರ್ಜಿಯಲ್ಲೂ ನಾವು ಅತಿ ಹೆಚ್ಚು ಬರೆಯುವ ಬಹುವಚನದ ಷಷ್ಠಿ ಇದೇ ಇರಬಹುದು. ಅಪಾಸ್ಟ್ರಫಿ ತಲೆನೋವೇ ಬೇಡ ಅಂದರೆ “ಎಕ್ಸ್‌ಪೀರಿಯೆನ್ಸ್ ಆಫ್ ತ್ರೀ ಇಯರ್ಸ್” ಅಂತ ತಿರುಗಿಸಿ ಬರೆದರೂ ಆಯಿತು.

ತಿರುಗಿಸಿ ಬರೆಯೋದು ನಿರ್ಜೀವ ವಸ್ತುಗಳಿಗಂತೂ ಒಳ್ಳೆಯ ದಾರಿ. ಮೇಜುಗಳ ಕಾಲು ಅನ್ನೋದಕ್ಕೆ “ಟೇಬಲ್ಸ್’ ಲೆಗ್ಸ್” ಅನ್ನೋದಕ್ಕಿಂತ “ಲೆಗ್ಸ್ ಆಫ್ ದಿ ಟೇಬಲ್ಸ್” ಸಹಜವಾಗಿ ಕೇಳುತ್ತೆ.

ನಮ್ಮ ಯಜಮಾನ್ರು, ಅವರ ಫೋನು

ಇನ್ನು ಸರ್ವನಾಮಕ್ಕೆ ಬರೋಣ. ಅವರ್, ಯುವರ್, ದೇರ್ ಅಂದರೆ ನಮ್ಮ, ನಿಮ್ಮ, ಅವರ. ಇವುಗಳ ಮುಂದೆ ವಸ್ತುವಿನ ಹೆಸರು ಬರಲೇಬೇಕು: ಅವರ್ ಹೌಸ್, ಯುವರ್ ಸ್ಕೂಲ್, ದೇರ್ ಫೀಲ್ಡ್. ವಸ್ತುವಿನ ಹೆಸರು ಬಿಟ್ಟು ಹೇಳಬೇಕಾದರೆ ಅವರ್ಸ್, ಯುವರ್ಸ್, ದೇರ್ಸ್, ಅಂದರೆ ನಮ್ಮದು, ನಿಮ್ಮದು, ಅವರದು. “ಈ ಮನೆ ನಮ್ಮ” ಅಂತ ನಾವು ನಿಲ್ಲಿಸೋದಿಲ್ಲ, “ನಮ್ಮದು” ಅಂತೀವಿ. ಅದೇ ಅಂದಾಜಿನಲ್ಲಿ “ದಿಸ್ ಹೌಸ್ ಈಸ್ ಅವರ್ಸ್”. ಇಂಗ್ಲಿಷಿನದು ಇನ್ನೂ ಸುಲಭ. ನಾವು ನಮ್ಮದು, ನಮ್ಮವು, ನಮ್ಮವನು, ನಮ್ಮವಳು, ನಮ್ಮವರು ಅಂತ ಐದು ಮಾಡುತ್ತೀವಿ, ಅವರಿಗೆ ಎಲ್ಲಕ್ಕೂ ಅವರ್ಸ್ ಒಂದೇ.

ಈ ಅವರ್ಸ್, ಯುವರ್ಸ್, ಹರ್ಸ್, ದೇರ್ಸ್, ಇಟ್ಸ್ ಯಾವುದಕ್ಕೂ ಅಪಾಸ್ಟ್ರಫಿ ಇಲ್ಲ. ಯಾಕೆ ಅಂತ ಮಕ್ಕಳು ಕೇಳ್ತಾರೆ. ಕನ್ನಡದಲ್ಲೇ ಉತ್ತರ ಕೊಡಬಹುದು. ಹುಡುಗ ಅನ್ನೋದಕ್ಕೆ ಪ್ರತ್ಯಯ ಹತ್ತಿ ಹುಡುಗನ ಆಯಿತು. ಆದರೆ “ನಾವು” ಅನ್ನೋದು “ನಾವಿನ” ಆಗಲಿಲ್ಲ, ಪದವೇ ಬದಲಾಗಿ “ನಮ್ಮ” ಆಯಿತು. “ನೀವು” ಹೋಗಿ “ನಿಮ್ಮ” ಬಂತು. ಒಡೆತನ ಪದದೊಳಗೇ ಸೇರಿಕೊಂಡಿದೆ, ಹೊರಗಿಂದ ಅಂಟಿಸೋದು ಏನೂ ಇಲ್ಲ. ಇಂಗ್ಲಿಷಿನ ವಿ ಹೋಗಿ ಅವರ್ ಬಂದದ್ದೂ, ದೇ ಹೋಗಿ ದೇರ್ ಬಂದದ್ದೂ ಹಾಗೇ.

ಇಟ್ಸ್ ಒಂದೇ ಸ್ವಲ್ಪ ಕಾಡುತ್ತೆ, ಯಾಕೆಂದರೆ ಅಪಾಸ್ಟ್ರಫಿ ಇರುವ “ಇಟ್’ಸ್” ಕೂಡ ಇದೆ. ಅದು “ಇಟ್ ಈಸ್” ಅಥವಾ “ಇಟ್ ಹ್ಯಾಸ್” ಅನ್ನೋದರ ಚಿಕ್ಕ ರೂಪ. ಬಿಡಿಸಿ ಹೇಳಿ ನೋಡಿ. “ಇಟ್ ಈಸ್ ರೈನಿಂಗ್” ಸರಿಹೋಯಿತು, ಗೀಟು ಹಾಕಿ. “ದಿ ಕೌ ಅಂಡ್ ಇಟ್ ಈಸ್ ಕಾಫ್” ಅಂದರೆ ಹಸು ಮತ್ತು ಅದು ಕರು ಆಗಿದೆ ಅಂದ ಹಾಗಾಯಿತು, ಸರಿಹೋಗಲಿಲ್ಲ, ಗೀಟು ಬೇಡ. ಇಂಗ್ಲಿಷರಿಗೂ ಈ ಪದ ಒಮ್ಮೆಗೇ ಕೂತಿಲ್ಲ. ಒಡೆತನದ “ಇಟ್ಸ್” ಬಳಕೆಗೆ ಬಂದದ್ದೇ 16ನೇ ಶತಮಾನದ ಕೊನೆಯಲ್ಲಿ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನ ಮೊದಲ ಮುದ್ರಣದಲ್ಲಿ ಆ ಪದವೇ ಇಲ್ಲ. ಆಮೇಲೂ ಎಷ್ಟೋ ಕಾಲ ಅದನ್ನು ಅಪಾಸ್ಟ್ರಫಿ ಹಾಕಿಯೇ ಬರೆಯುತ್ತಿದ್ದರು. ಆದ್ದರಿಂದ ಐದನೇ ಕ್ಲಾಸಿನ ಮಗುವಿಗೆ ಗೊಂದಲ ಆದರೆ ಬೈಯಬೇಡಿ.

ಈಗ ತಮಾಷೆಯ ಭಾಗ. ಕನ್ನಡದ ಹೆಣ್ಣುಮಕ್ಕಳು “ನಮ್ಮ ಯಜಮಾನ್ರು ಅವರ ಫೋನು ಮರೆತು ಹೋದ್ರು” ಅಂತ ಹೇಳೋದು ಸಾಮಾನ್ಯ. ಅದನ್ನು ಪದಕ್ಕೆ ಪದ ಇಂಗ್ಲಿಷಿಗೆ ಹಾಕಿದರೆ “ಅವರ್ ಹಸ್ಬೆಂಡ್ ಫರ್ಗಾಟ್ ದೇರ್ ಫೋನ್” ಆಗುತ್ತೆ. ಗಂಡ ಹಲವರಿಗೆ ಸೇರಿದವನು, ಫೋನು ಇನ್ಯಾರೋ ಊರವರದು! ನಮ್ಮ ಅನ್ನೋದು ಕನ್ನಡದಲ್ಲಿ ಮನೆತನದ ಮಾತು: ನಮ್ಮಪ್ಪ, ನಮ್ಮಮ್ಮ, ನಮ್ಮನೆ. ಅಣ್ಣ ತಂಗಿಯರಿಲ್ಲದ ಒಬ್ಬಳೇ ಮಗಳೂ “ನಮ್ಮಮ್ಮ” ಅಂತಲೇ ಹೇಳೋದು. ಇಂಗ್ಲಿಷಿನಲ್ಲಿ ಅದು “ಮೈ ಮದರ್”, “ಮೈ ಹಸ್ಬೆಂಡ್”. ಮರ್ಯಾದೆಯ “ಅವರ” ಅಲ್ಲಿ “ಹಿಸ್” ಅಥವಾ “ಹರ್”. “ಹಿಸ್ ಫೋನ್” ಅಂದರೆ ಯಜಮಾನರಿಗೆ ಅಗೌರವ ಏನೂ ಇಲ್ಲ.

ಇದಕ್ಕೆ ಉಲ್ಟಾ ಇನ್ನೊಂದಿದೆ. ವಸ್ತುಗಳ ಬಗ್ಗೆ ಮಾತಾಡುವಾಗ ನಾವು ಬಹುವಚನ ಬಿಟ್ಟೇಬಿಡುತ್ತೀವಿ. “ಈ ಸೀರೆಗಳು ಚೆನ್ನಾಗಿದೆ, ಅದರ ಬೆಲೆ ಎಷ್ಟು?” ಅಂತ ಅಂಗಡಿಯಲ್ಲಿ ಕೇಳ್ತೀವಿ. “ಅವುಗಳ ಬೆಲೆ” ಅಂತ ಕೇಳೋರು ಕಡಿಮೆ. ಇಂಗ್ಲಿಷಿನಲ್ಲಿ ಸೀರೆ ಒಂದಾದರೆ “ಇಟ್ಸ್ ಪ್ರೈಸ್”, ಹಲವಾದರೆ “ದೇರ್ ಪ್ರೈಸ್”. ಮನುಷ್ಯರಿಗೂ ವಸ್ತುವಿಗೂ ದೇರ್ ಒಂದೇ.

“ದೇರ್” ಒಬ್ಬರಿಗೂ ಬರುವ ಸಂದರ್ಭ ಒಂದಿದೆ. “ಎವರಿ ಪೇರೆಂಟ್ ಮಸ್ಟ್ ಬ್ರಿಂಗ್ ದೇರ್ ಐಡಿ ಕಾರ್ಡ್” ಅಂತ ಶಾಲೆಯ ಸುತ್ತೋಲೆ ಬಂದರೆ ಅದು ತಪ್ಪಲ್ಲ. ತಂದೆಯೋ ತಾಯಿಯೋ ಗೊತ್ತಿಲ್ಲದ ಒಬ್ಬರಿಗೆ “ದೇರ್” ಬಳಸೋದು ಇಂಗ್ಲಿಷಿನಲ್ಲಿ 14ನೇ ಶತಮಾನದಿಂದಲೂ ಇದೆ. ನಡುವೆ ವ್ಯಾಕರಣದವರು ಬೇಡ ಅಂದಿದ್ದರು, ಈಗ ಮತ್ತೆ ಒಪ್ಪಿದ್ದಾರೆ.

ಈ ಗೀಟು ಬಂದದ್ದೆಲ್ಲಿಂದ?

ಹಳೆಯ ಇಂಗ್ಲಿಷಿನಲ್ಲಿ ಎಷ್ಟೋ ನಾಮಪದಗಳ ಷಷ್ಠಿಗೆ ಇ ಎಸ್ ಅಂತ ಪ್ರತ್ಯಯವಿತ್ತು. ಕಾಲ ಹೋದಂತೆ ಆ ಇ ನಾಲಿಗೆಯಿಂದ ಬಿದ್ದುಹೋಯಿತು. 16ನೇ ಶತಮಾನದಲ್ಲಿ ಫ್ರೆಂಚರಿಂದ ಅಪಾಸ್ಟ್ರಫಿ ಇಂಗ್ಲಿಷಿಗೆ ಬಂದಾಗ ಅದರ ಕೆಲಸ ಒಂದೇ: ಇಲ್ಲೊಂದು ಅಕ್ಷರ ಲೋಪವಾಗಿದೆ ಅಂತ ತೋರಿಸೋದು. ನಮ್ಮ ಲೋಪಸಂಧಿಗೆ ಗುರುತು ಹಾಕಿದ ಹಾಗೆ. ಸಂಸ್ಕೃತ ಶ್ಲೋಕಗಳನ್ನು ಕನ್ನಡ ಲಿಪಿಯಲ್ಲಿ ಓದುವವರಿಗೆ ಅವಗ್ರಹ ಗೊತ್ತಿರುತ್ತೆ. “ಸೋಽಹಂ” ಅನ್ನೋದರ ನಡುವೆ ಇರುವ ಆ ಚಿಹ್ನೆ ಕೂಡ ಒಂದು ಅಕಾರ ಲೋಪವಾಗಿದೆ ಅಂತ ಹೇಳೋದೇ. ಅಪಾಸ್ಟ್ರಫಿ ಅದರ ದೂರದ ನೆಂಟ ಅಂದುಕೊಳ್ಳಿ.

ಒಬ್ಬರ ಒಡೆತನಕ್ಕೆ ಈ ಗೀಟು ಮೊದಲು ರೂಢಿಯಾಯಿತು. ಹಲವರ ಒಡೆತನಕ್ಕೆ ಎಸ್ ಆದಮೇಲೆ ಗೀಟು ಹಾಕುವ ಪದ್ಧತಿ ನೆಲೆಯೂರಿದ್ದು 18ನೇ ಶತಮಾನದ ನಂತರ. ಅಂದರೆ ಇದು ವೇದಕಾಲದ ನಿಯಮವೇನಲ್ಲ, ಮುದ್ರಣದ ಅನುಕೂಲಕ್ಕೆ ಬೆಳೆದುಬಂದ ರೂಢಿ. ಅದಕ್ಕೇ ಹೆಸರುಗಳಲ್ಲಿ ಇವತ್ತಿಗೂ ಏಕರೂಪ ಇಲ್ಲ. ಲಂಡನ್ನಿನಲ್ಲಿ ಅರ್ಲ್’ಸ್ ಕೋರ್ಟ್ ಅನ್ನೋ ರೈಲ್ವೆ ನಿಲ್ದಾಣಕ್ಕೆ ಅಪಾಸ್ಟ್ರಫಿ ಇದೆ, ಪಕ್ಕದಲ್ಲೇ ಇರುವ ಬ್ಯಾರನ್ಸ್ ಕೋರ್ಟಿಗೆ ಇಲ್ಲ. ವಾಟರ್‌ಸ್ಟೋನ್ಸ್ ಅನ್ನೋ ಬ್ರಿಟನ್ನಿನ ದೊಡ್ಡ ಪುಸ್ತಕದಂಗಡಿ 2012ರಲ್ಲಿ ತನ್ನ ಹೆಸರಿನ ಅಪಾಸ್ಟ್ರಫಿಯನ್ನೇ ಕಿತ್ತುಹಾಕಿತು. ಅಪಾಸ್ಟ್ರಫಿ ಉಳಿಸಬೇಕು ಅಂತ ನಿವೃತ್ತ ಪತ್ರಕರ್ತ ಜಾನ್ ರಿಚರ್ಡ್ಸ್ 2001ರಲ್ಲಿ ಒಂದು ಸಂಘವನ್ನೇ ಕಟ್ಟಿದ್ದರು. 2019ರಲ್ಲಿ, ಇನ್ನು ಸಾಕು ಅಂತ ಅವರು ಅದನ್ನು ಮುಚ್ಚಿದರು.

ನಮ್ಮಲ್ಲೂ ನೋಡಿ. ಮೈಸೂರಿನ ಮಹಾರಾಜ’ಸ್ ಕಾಲೇಜು, ಒಬ್ಬ ಮಹಾರಾಜರದು, ಗೀಟು ಎಸ್‌ಗೆ ಮುಂಚೆ. ಬೆಂಗಳೂರಿನ ಬಿಷಪ್ ಕಾಟನ್ ಬಾಯ್ಸ್’ ಸ್ಕೂಲು, ಹಲವು ಹುಡುಗರದು, ಗೀಟು ಎಸ್ ಆದಮೇಲೆ. ಬೀದಿಯ “ಬಾಯ್ಸ್ ಹಾಸ್ಟೆಲ್”, “ಲೇಡೀಸ್ ಟೈಲರ್” ಬೋರ್ಡುಗಳಲ್ಲಿ ಗೀಟೇ ಇರಲ್ಲ, ಅಲ್ಲಿ ಆ ಪದ ಒಡೆಯನಲ್ಲ, ಬರೀ ವಿಶೇಷಣ ಅಂತ ಒಪ್ಪಿಕೊಳ್ಳಬಹುದು. ಆದರೆ “ವಿಮೆನ್’ಸ್ ಹಾಸ್ಟೆಲ್” ಅಂತ ಬರೆಯುವಾಗ ಗೀಟು ಬಿಡುವ ಹಾಗಿಲ್ಲ, ಯಾಕೆಂದರೆ ಅದಿಲ್ಲದ “ವಿಮೆನ್ಸ್” ಅನ್ನೋ ಪದವೇ ಇಲ್ಲ.

ದಿನಾಚರಣೆಗಳ ಹೆಸರು ಮಕ್ಕಳಿಗೆ ಒಳ್ಳೆಯ ಅಭ್ಯಾಸ. ಸೆಪ್ಟೆಂಬರ್ 5 ಟೀಚರ್ಸ್’ ಡೇ, ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15 ಎಂಜಿನಿಯರ್ಸ್’ ಡೇ, ನವೆಂಬರ್ 14 ಚಿಲ್ಡ್ರನ್’ಸ್ ಡೇ, ಮಾರ್ಚ್ 8 ವಿಮೆನ್’ಸ್ ಡೇ. ಎಲ್ಲ ಹಲವರ ದಿನ. ಆದರೆ ಮದರ್’ಸ್ ಡೇ ಮಾತ್ರ ಒಬ್ಬ ತಾಯಿಯ ದಿನ. ಅಮೆರಿಕದಲ್ಲಿ ಆ ದಿನಕ್ಕಾಗಿ ಹೋರಾಡಿದ ಆ್ಯನ ಜಾರ್ವಿಸ್ ಗೀಟು ಎಸ್‌ಗೆ ಮುಂಚೆಯೇ ಇರಬೇಕು ಅಂತ ಹಟ ಹಿಡಿದಿದ್ದರು. ಲೋಕದ ತಾಯಂದಿರನ್ನೆಲ್ಲ ಒಟ್ಟಿಗೆ ಹೊಗಳೋದಲ್ಲ, ಪ್ರತಿ ಮನೆಯೂ ತನ್ನ ತಾಯಿಯನ್ನು ನೆನೆಯಬೇಕು ಅನ್ನೋದು ಅವರ ಆಸೆ. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ರಾಷ್ಟ್ರೀಯ ದಿನವಾಗಿ ಘೋಷಿಸಿದರು. ಒಂದು ಗೀಟಿನ ಜಾಗದಲ್ಲಿ ಅಷ್ಟು ಭಾವನೆ ಇದೆ.

ಕಾಗದ ಪತ್ರದಲ್ಲಿ ಹುಷಾರು

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು, ಅರ್ಥ ಆದರೆ ಸಾಲದಾ ಅನ್ನೋರಿದ್ದಾರೆ. ಮೊಬೈಲ್ ಮೆಸೇಜಿನಲ್ಲಿ ಖಂಡಿತ ಸಾಕು. ಆದರೆ ಆಸ್ತಿ ಪತ್ರದಲ್ಲಿ ಸಾಲದು. ಇಂಗ್ಲಿಷಿನಲ್ಲಿ ಬರೆಸಿದ ವಿಲ್‌ನಲ್ಲಿ “ಮೈ ಸನ್’ಸ್ ಹೌಸ್” ಅಂತಿದ್ದರೆ ಮನೆ ಒಬ್ಬ ಮಗನದು. “ಮೈ ಸನ್ಸ್’ ಹೌಸ್” ಅಂತಿದ್ದರೆ ಗಂಡುಮಕ್ಕಳೆಲ್ಲರದು. ಓದಿ ಹೇಳಿದಾಗ ಎರಡೂ ಒಂದೇ ಥರ ಕೇಳಿಸುತ್ತೆ, ಅದೇ ಅಪಾಯ. ಬರೆಸುವವರು ಹಿರಿಯರು, ಕಣ್ಣು ಮಂಜು, ಕಿವಿಯಲ್ಲಿ ಕೇಳಿ ಹೂಂ ಅಂತಾರೆ. ಅಂಥ ಕಡೆ ಅಪಾಸ್ಟ್ರಫಿಯನ್ನು ನಂಬಲೇಬೇಡಿ. ಮಕ್ಕಳ ಹೆಸರನ್ನೇ ಒಂದೊಂದಾಗಿ ಬರೆಸಿ.

ಇದು ಬರೀ ಹೆದರಿಕೆಯಲ್ಲ. ಆಸ್ಟ್ರೇಲಿಯಾದಲ್ಲಿ ಒಬ್ಬ ರಿಯಲ್ ಎಸ್ಟೇಟ್ ಏಜೆಂಟು, ಇನ್ನೊಬ್ಬರು “ಎಂಪ್ಲಾಯೀಸ್” ನಿವೃತ್ತಿ ನಿಧಿ ಕಟ್ಟಿಲ್ಲ ಅಂತ ಫೇಸ್‌ಬುಕ್‌ನಲ್ಲಿ ಬರೆದ. ಅಪಾಸ್ಟ್ರಫಿ ಹಾಕಿರಲಿಲ್ಲ. ಮಾನನಷ್ಟದ ಕೇಸು ಬಿತ್ತು. ನನ್ನೊಬ್ಬನ ಬಗ್ಗೆ ಮಾತ್ರ ಹೇಳಿದ್ದು ಅನ್ನೋದು ಅವನ ವಾದ. ಆದರೆ ಗೀಟಿಲ್ಲದ ಆ ಪದ ಹಲವು ನೌಕರರು ಅನ್ನೋ ಅರ್ಥ ಕೊಡಬಹುದು, ಒಬ್ಬರಿಗೆ ಕೊಡದಿರೋದಕ್ಕೂ ಎಲ್ಲರಿಗೂ ಕೊಡದೆ ಇರೋದಕ್ಕೂ ವ್ಯತ್ಯಾಸವಿದೆ ಅಂತ ನ್ಯೂ ಸೌತ್ ವೇಲ್ಸ್‌ನ ನ್ಯಾಯಾಲಯ 2021ರಲ್ಲಿ ಕೇಸನ್ನು ಆರಂಭದಲ್ಲೇ ಕೈಬಿಡಲು ಒಪ್ಪಲಿಲ್ಲ.

ಜಂಟಿ ಒಡೆತನಕ್ಕೂ ಒಂದು ಲೆಕ್ಕವಿದೆ. “ರವಿ ಅಂಡ್ ಸುಮಾ’ಸ್ ಹೌಸ್” ಅಂದರೆ ಇಬ್ಬರಿಗೂ ಸೇರಿದ ಒಂದು ಮನೆ, ಗೀಟು ಕೊನೆಯವರಿಗೆ ಮಾತ್ರ. “ರವಿ’ಸ್ ಅಂಡ್ ಸುಮಾ’ಸ್ ಹೌಸಸ್” ಅಂದರೆ ಅವನದು ಬೇರೆ, ಅವಳದು ಬೇರೆ. ನಾವೂ “ರವಿ ಸುಮಾರ ಮನೆ” ಅಂತ ಒಂದು ಸಲ, “ರವಿಯ ಮನೆ, ಸುಮಾಳ ಮನೆ” ಅಂತ ಇನ್ನೊಂದು ಸಲ ಹೇಳುತ್ತೀವಲ್ಲ, ಹಾಗೆ.

ಹಾಗೇ ನಮ್ಮ ಹೆಸರುಗಳ ಒಂದು ಪ್ರಶ್ನೆ ಆಗಾಗ ಬರುತ್ತೆ. ಶ್ರೀನಿವಾಸ್, ದಾಸ್ ಅಂತ ಎಸ್‌ನಲ್ಲೇ ಮುಗಿಯುವ ಹೆಸರಿಗೆ ಏನು ಮಾಡೋದು? ಅಪಾಸ್ಟ್ರಫಿ ಹಾಕಿ ಇನ್ನೊಂದು ಎಸ್ ಸೇರಿಸಿದರೂ ಸರಿ, ಅಪಾಸ್ಟ್ರಫಿ ಒಂದೇ ಹಾಕಿದರೂ ಸರಿ. ಒಂದು ಕಾಗದದಲ್ಲಿ ಒಂದೇ ಪದ್ಧತಿ ಇರಲಿ.

ಮನೆಯಲ್ಲಿ ಮಾಡಿ ನೋಡಿ

ಈ ಭಾನುವಾರ ಮಕ್ಕಳ ಜೊತೆ ಕೂತು ಇವನ್ನು ಇಂಗ್ಲಿಷಿಗೆ ಹಾಕಿ. ನೀವು ಕನ್ನಡದಲ್ಲಿ ಹೇಳಿ, ಅವರು ಬರೆಯಲಿ. ಬರೆದ ಮೇಲೆ ಬೆರಳಿಂದ ಬಲಗಡೆ ಮುಚ್ಚಿ ನೋಡೋದು ನಿಮ್ಮ ಕೆಲಸ.

ಒಂದು, ನನ್ನ ಅಕ್ಕಂದಿರ ಮಕ್ಕಳು. ಎರಡು, ಡಾಕ್ಟರ ಕೋಟು (ಡಾಕ್ಟರು ಒಬ್ಬರೇ). ಮೂರು, ಐದು ನಿಮಿಷದ ನಡಿಗೆ. ನಾಲ್ಕು, ಗಂಡಸರ ಚಪ್ಪಲಿ. ಐದು, ಆ ತೋಟ ಅವರದು, ಈ ತೋಟ ನಮ್ಮದು. ಆರು, ಹಕ್ಕಿಗಳು ಮತ್ತು ಅವುಗಳ ಗೂಡುಗಳು.

ಉತ್ತರ: ಮೈ ಸಿಸ್ಟರ್ಸ್’ ಚಿಲ್ಡ್ರನ್. ದಿ ಡಾಕ್ಟರ್’ಸ್ ಕೋಟ್. ಫೈವ್ ಮಿನಿಟ್ಸ್’ ವಾಕ್. ಮೆನ್’ಸ್ ಸ್ಲಿಪ್ಪರ್ಸ್. ದಟ್ ಗಾರ್ಡನ್ ಈಸ್ ದೇರ್ಸ್, ದಿಸ್ ಗಾರ್ಡನ್ ಈಸ್ ಅವರ್ಸ್. ಬರ್ಡ್ಸ್ ಅಂಡ್ ದೇರ್ ನೆಸ್ಟ್ಸ್. ಐದನೆಯದಕ್ಕೂ ಆರನೆಯದಕ್ಕೂ ಗೀಟು ಬೇಕಿಲ್ಲ ಅಂತ ಮಗು ತಾನಾಗೇ ಹೇಳಿದರೆ ಪಾಠ ಮುಗಿಯಿತು ಅಂತ ಅರ್ಥ.

ಎಲ್ಲ ಬೇಗ ಮುಗಿಸಿಬಿಟ್ಟ ಜಾಣರಿಗೆ ಕೊನೆಯದೊಂದು. ಬ್ರದರ್-ಇನ್-ಲಾ ಒಬ್ಬನಾದರೆ “ಬ್ರದರ್-ಇನ್-ಲಾ’ಸ್ ಕಾರ್”. ಹಲವರಾದರೆ? ಬಹುವಚನದ ಎಸ್ ಬ್ರದರ್‌ಗೆ ಹತ್ತುತ್ತೆ, ಒಡೆತನದ ಗೀಟು ಲಾಗೆ ಹತ್ತುತ್ತೆ: “ಬ್ರದರ್ಸ್-ಇನ್-ಲಾ’ಸ್ ಕಾರ್”. ಆ ಕಾರು ಭಾವಂದಿರದ್ದೋ, ಮೈದುನರದ್ದೋ ಅಂತ ಮಾತ್ರ ಇಂಗ್ಲಿಷ್ ಹೇಳೋದಿಲ್ಲ. ಅದಕ್ಕೆ ಕನ್ನಡವನ್ನೇ ಕೇಳಬೇಕು.